ಅತ್ತೆ ಕೊಡದ ಗುಳಿಗೆ

ಪಕ್ಕದ ಮನೆಯ ಹನುಮಕ್ಕ ಕೈ ಚಾಚುತ್ತಿದ್ದಂತೆ ನಮ್ಮತ್ತೆ ಗುಳಿಗೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಕಣೇಕಲ್ಲಿನ ನಮ್ಮ ಓಣಿಯಲ್ಲಿ ಉಪ್ಪಿನಕಾಯಿಯಿಂದ ರೇಷ್ಮೆ ಸೀರೆಯವರೆಗೆ ಯಾರು ಏನು ಕೇಳಿದರೂ ಇಲ್ಲವೆನ್ನದವರು ಅವರು. ನಾನು ಬೆರಗಾಗಿ ನಿಂತೆ.

ಸೊಂಟ ಹಿಡಿದುಕೊಂಡಿದ್ದ ಅತ್ತೆಗೆ, ಬಿಗಿದ ಸ್ನಾಯು ಸಡಿಲಿಸುವ ಆ ಗುಳಿಗೆಯನ್ನು ರಾಯದುರ್ಗದ ಡಾಕ್ಟರು ಬರೆದುಕೊಟ್ಟಿದ್ದರು. ಈಗ ಭತ್ತದ ನಾಟಿ ಮಾಡಿ ಹನುಮಕ್ಕನ ಸೊಂಟವೂ ಹಿಡಿದಿತ್ತು.

“ಒಂದು ಗುಳಿಗಿ ಕೊಡಾಕ ಇಷ್ಟ್ಯಾಕ ಯೋಚ್ನಿ?” ಎಂದು ಆಕೆ ಮುಖ ತಿರುಗಿಸಿದಳು.

“ನೀ ಬಿಪಿ ಗುಳಿಗಿ ತಗಂತೀಯಲ್ಲೇ, ಇದು ನಿನಗ ಆಗಿಬರತೈತೋ ಇಲ್ಲೋ ನನಗೇನು ಗೊತ್ತು? ಸಿಟ್ಟಾದ್ರ ಆಗು. ನಡಿ, ಡಾಕ್ಟರನ್ನೇ ಕೇಳಾಣ,” ಎಂದ ಅತ್ತೆ ಚಪ್ಪಲಿ ಮೆಟ್ಟಿಯೇ ಬಿಟ್ಟರು.

ಬಸ್ಸಿನಲ್ಲಿ ಇಬ್ಬರ ನಡುವೆ ನಾನು ಕುಳಿತೆ. ರಾಯದುರ್ಗದಲ್ಲಿ ಇಳಿದು ನೇರವಾಗಿ ಡಾಕ್ಟರ ಬಳಿ ಹೋದೆವು. ಬಿಪಿ ಮಾತ್ರೆಯ ಜೊತೆ ಇದನ್ನೂ ನುಂಗಿದ್ದರೆ ರಕ್ತದೊತ್ತಡ ತೀರಾ ಇಳಿದು ಹನುಮಕ್ಕ ತಲೆಸುತ್ತಿ ಬೀಳಬಹುದಿತ್ತು ಎಂದ ಡಾಕ್ಟರು, ಆಕೆಗೆ ಬೇರೆ ಔಷಧಿ ಬರೆದರು. ಗುಳಿಗೆ ಮಂಪರು ತರುತ್ತದೆ, ಮಲಗುವ ಹೊತ್ತಿಗೇ ತೆಗೆದುಕೊಳ್ಳಿ ಎಂದು ಅತ್ತೆಗೂ ಮತ್ತೊಮ್ಮೆ ಹೇಳಿದರು. ಹೊರಗೆ ಬಂದಾಗ ಹನುಮಕ್ಕ ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಈಗ ಇಬ್ಬರೂ ಸಂಜೆ ಕೆರೆ ಏರಿಯ ಮೇಲೆ ಹರಟುತ್ತಾ ನಡೆದು ಬರುತ್ತಾರೆ. ಅಕ್ಕರೆಯಿಂದಲೂ ‘ಇಲ್ಲ’ ಎನ್ನಬಹುದು ಎಂದು ನನಗೆ ಅತ್ತೆಯಿಂದ ತಿಳಿಯಿತು. ಹಾಗೆ ಹೇಳುವ ಧೈರ್ಯವನ್ನು ಇನ್ನೂ ಕಲಿಯುತ್ತಿದ್ದೇನೆ.