ಸುಯುನ್‌ಬೆಕ್ ಅತಾರ ಎಡಗಾಲು

ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಕಡಿಮೆ ದುಡ್ಡಿನ ಯಾವ ಕ್ರೈಂ ಸಿನಿಮಾ ಬಂದರೂ ಪೋಸ್ಟರ್ ತುಂಬ ಎಲ್ಲರೂ ಗೌರವದಿಂದ ಅತಾ, ಅಂದರೆ ಅಪ್ಪ, ಎಂದು ಕರೆಯುವ ಹಿರಿಯ ನಟ ಸುಯುನ್‌ಬೆಕ್ ಅತಾರದೇ ಮುಖ, ಸಿನಿಮಾದಲ್ಲಿ ಮಾತ್ರ ಅವರು ನಾಲ್ಕೇ ನಿಮಿಷ. ನೆನೆದರೇ ಅವರ ಅಭಿಮಾನಿ ಬುರುಲ್‌ಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ಕುದುರೆ ಮೇಲೆ ಖಾನನಾಗಿ ಮೆರೆದವರು ಈಗ ಕಳ್ಳರ ನಾಯಕನಾಗಿ ಬಂದು, ಎರಡು ಸಲ ಕೆಮ್ಮಿ, ಗುಂಡು ತಿಂದು ಸಾಯುತ್ತಾರೆ. ಹೋಗಲಿ, ಶೂಟಿಂಗ್‌ನಲ್ಲಾದರೂ ಸುಮ್ಮನಿರುತ್ತಾರಾ? ಚಹಾ ಕೊಟ್ಟವರಿಗೆಲ್ಲ ಕುದುರೆಯಿಂದ ಬಿದ್ದು ಎಡಗಾಲು ಕುಂಟಾದ ಕಥೆ ಹೇಳಬೇಕು, ಹೇಳಿದಾಗಲೆಲ್ಲ ಆ ಕುದುರೆ ಒಂದು ಗೇಣು ಎತ್ತರವಾಗಬೇಕು. ಮೇಜಿನ ಮೇಲೆ ರೊಟ್ಟಿ ಬೋರಲಾಗಿದ್ದರೆ, ಕ್ಯಾಮೆರಾ ಓಡುತ್ತಿದ್ದರೂ ಸರಿ, ಅನ್ನಕ್ಕೆ ಅಪಚಾರವೆಂದು ಪಿಸ್ತೂಲು ಕೆಳಗಿಟ್ಟು ರೊಟ್ಟಿಯನ್ನು ಮೇಲ್ಮುಖ ಮಾಡಿಡಬೇಕು. ಈ ಸಲ ಗುಂಪಿನ ದೃಶ್ಯದಲ್ಲಿ ನಿಲ್ಲಲು ಹೋಗಿದ್ದ ಬುರುಲ್ ಕಣ್ಣಾರೆ ಕಂಡಳು, ರೊಟ್ಟಿಯನ್ನು ನೆಲಕ್ಕೆಸೆದು ತುಳಿಯಿರಿ ಎಂದ ನಿರ್ದೇಶಕ. "ಹನ್ನೊಂದು ಜನರನ್ನ ಕೊಲ್ಲು ಅಂದೆ, ಕೊಂದೆ. ರೊಟ್ಟಿ ತುಳಿಯಲ್ಲ ಕಣಪ್ಪ," ಎಂದರು ಅತಾ. "ಸಿನಿಮಾ ಅಲ್ವಾ ಅತಾ, ಯಾರಿಗ್ ಗೊತ್ತಾಗತ್ತೆ?" "ನನ್ ಕಾಲಿಗೆ ಗೊತ್ತಾಗತ್ತೆ," ಎಂದು ಕುಂಟುತ್ತ ಮನೆಗೆ ಹೊರಟುಬಿಟ್ಟರು. ಮೊದಲ ಪ್ರದರ್ಶನದಲ್ಲಿ ನೋಡಿದರೆ, ತೆರೆಯ ಮೇಲೆ ಅವರ ಸಿಟ್ಟಿನ ಮುಖ ಕಂಡ ಬೆನ್ನಿಗೇ ಎರಡು ಬೂಟುಗಾಲು ದಾಪುಗಾಲಿಟ್ಟು ಬಂದು ರೊಟ್ಟಿಯನ್ನು ಹೊಸಕಿಹಾಕಿದವು. "ಥೂ, ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ ಆ ಮುದುಕನಿಗೆ!" ಎಂದಳು ಮುಂದಿನ ಸಾಲಿನ ಅಜ್ಜಿಯೊಬ್ಬಳು. ಅದೇ ಸಾಲಿನ ತುದಿಯಲ್ಲಿ ಅತಾ ತಲೆ ತಗ್ಗಿಸಿ ಕೂತಿದ್ದರು. ಬುರುಲ್ ಎದ್ದು ನಿಂತು ಇಡೀ ಥಿಯೇಟರಿಗೆ ಕೇಳುವಂತೆ ಕಿರುಚಿದಳು: "ಅದು ಅವ್ರ ಕಾಲಲ್ಲ ಅಜ್ಜಿ! ಸರಿಯಾಗ್ ನೋಡಿ, ಕುಂಟ್ತಾನೇ ಇಲ್ಲ!"