ಕಾರಿಗೆ ಸಾಲ ಯಾರ ಹತ್ತಿರ?

ಸಾಲ ಕೇಳುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ; ಈಜು ಬರುವುದಿಲ್ಲ ಎಂದು ಹೊಳೆಯ ದಡದಲ್ಲಿ ನಿಂತವನು ಹೇಳುವ ಹಾಗೆ ಹೇಳುತ್ತಿದ್ದೇನೆ. ಒಮ್ಮೆ ನೆರೆಯವರೊಬ್ಬರಿಗೆ ಕೊಟ್ಟಿದ್ದ ನನ್ನದೇ ಔಷಧಿ ಹೊಡೆಯುವ ಪಂಪನ್ನು ವಾಪಸು ಕೇಳಲು ಹೋಗಿ, ಮಾತು ಹೇಗೆ ತೆಗೆಯುವುದೆಂದು ತಿಳಿಯದೆ, ನನ್ನ ಏಣಿಯನ್ನೂ ಕೊಡುತ್ತೇನೆಂದು ಒಪ್ಪಿ ಬಂದಿದ್ದೆ. ಇಂಥವನು ಎಪ್ಪತ್ತರ ದಶಕದ ಕೊನೆಯಲ್ಲಿ ಕಾರು ಕೊಳ್ಳಲು ಸಾಲ ಹುಡುಕಿಕೊಂಡು ಹೊರಟನೆಂದರೆ ಅದು ಶೋಕಿಗಲ್ಲ ಎಂದು ನೀವು ನಂಬಬೇಕು.

ಮೂಡಿಗೆರೆಗೂ ಕೊಟ್ಟಿಗೆಹಾರಕ್ಕೂ ನಡುವೆ ನನ್ನದು ಎಂಟೆಕರೆ ಕಾಫಿ. ಹೆಂಡತಿ ಸುಶೀಲ ಕೊಟ್ಟಿಗೆಹಾರದ ಪ್ರೈಮರಿ ಶಾಲೆಯಲ್ಲಿ ಟೀಚರು. ಮದುವೆಯಾಗಿ ಹತ್ತು ವರ್ಷಗಳಲ್ಲಿ ಎರಡು ಸಲ ಅವಳಿಗೆ ಮೂರನೆಯ ತಿಂಗಳಲ್ಲೇ ಗರ್ಭ ಇಳಿದುಹೋಗಿತ್ತು. ಮೂರನೆಯ ಸಲ ಚಿಕ್ಕಮಗಳೂರಿನ ಲೇಡಿ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ರಜೆ ಹಾಕಿ ಮಲಗಬೇಕು, ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಬೇಕು, ಆದರೆ ಆ ಬಸ್ಸಿನಲ್ಲಿ ಮಾತ್ರ ಬರಕೂಡದು ಎಂದರು. ನಮ್ಮ ಕಡೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಡಾಕ್ಟರ ಮಾತಿನ ಅರ್ಥ ವಿವರಿಸಬೇಕಾಗಿಲ್ಲ.

ಕೊಟ್ಟಿಗೆಹಾರದಲ್ಲಿ ಗ್ಯಾರೇಜು ಇಟ್ಟಿದ್ದ ಹಸನಬ್ಬನವರ ಹತ್ತಿರ ಒಂದು ಹಳೆಯ ಕಾರು ಮಾರಾಟಕ್ಕಿತ್ತು. ಬೂದು ಬಣ್ಣ, ಮೆತ್ತನೆಯ ಸೀಟು. ಅವರೇ ಇಂಜಿನ್ ಬಿಚ್ಚಿ ಜೋಡಿಸಿದ್ದರಿಂದ ಅದರ ಆರೋಗ್ಯದ ಬಗ್ಗೆ ಅನುಮಾನವಿರಲಿಲ್ಲ. ಬೆಲೆಯಲ್ಲಿ ಮೂರರಲ್ಲೊಂದು ಪಾಲು ನನ್ನ ಹತ್ತಿರ ಇತ್ತು. ಉಳಿದದ್ದಕ್ಕೆ ಸಾಲ. ನಮ್ಮ ಭಾಷೆಯ ಸೊಗಸು ನೋಡಿ: ಇರುವುದು ‘ಸಾಲದು’ ಎಂದಾಗ ಮಾಡುವುದು ‘ಸಾಲ’. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಕಡ, ಬಾಯಿಮಾತಿನ ಮೇಲೆ ದುಡ್ಡು ತಂದರೆ ಕೈಗಡ, ಕಾಗದಕ್ಕೆ ರುಜು ಹಾಕಿದರೆ ಸಾಲ. ಇಷ್ಟೆಲ್ಲ ಸೂಕ್ಷ್ಮವಾಗಿ ಹೆಸರಿಟ್ಟ ಹಿರಿಯರು, ಅದನ್ನು ಕೇಳುವಾಗ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಮೊದಲು ಬ್ಯಾಂಕಿಗೆ ಹೋದೆ. ಮ್ಯಾನೇಜರು ಬಯಲುಸೀಮೆಯ ಹುಡುಗ, ಒಳ್ಳೆಯವನು. ನಾನು ದಾರಿಯುದ್ದಕ್ಕೂ ಉರು ಹೊಡೆದ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡ.

“ಕಾರಿಗೆ ಅಂತ ಕೊಡೋಕಾಗಲ್ಲ ಸಾರ್. ಪಂಪ್‌ಸೆಟ್ಟಿಗೆ ಅಂತ ಬರೀರಿ, ಕೊಡ್ತೀನಿ” ಎಂದ.

“ನಮ್ಮಲ್ಲಿ ಬಾವೀನೇ ಇಲ್ವಲ್ಲ?”

“ಬಾವಿ ತೋಡ್ಸೋಕೂ ಸಾಲ ಇದೆ ಸಾರ್.”

ಅವನು ಸಹಾಯ ಮಾಡಬೇಕೆಂದೇ ಹೇಳಿದ್ದು. ಆದರೆ ಮುಂದೊಂದು ದಿನ ಯಾರೋ ಬಂದು ಪಂಪ್‌ಸೆಟ್ ತೋರಿಸಿ ಎಂದರೆ ಕಾರಿನ ಬಾನೆಟ್ಟು ಎತ್ತಿ ತೋರಿಸುವ ಧೈರ್ಯ ನನ್ನಲ್ಲಿರಲಿಲ್ಲ. ಫಾರಂ ಮಡಿಸಿ ಜೇಬಿಗಿಟ್ಟುಕೊಂಡು ಬಂದೆ.

ಆಮೇಲೆ ಪಕ್ಕದ ಎಸ್ಟೇಟಿನ ತಮ್ಮಣ್ಣಗೌಡರು. ನೂರಾರು ಎಕರೆಯ ಪ್ಲಾಂಟರು, ದೊಡ್ಡ ಮನಸ್ಸಿನ ಮನುಷ್ಯ. ನಾನು ಹವಾಮಾನದಿಂದ ಶುರು ಮಾಡಿ ಕಾಫಿ ಹೂವಿನ ತನಕ ಬರುವಷ್ಟರಲ್ಲಿ ಅವರೇ, “ಎಷ್ಟು ಬೇಕು ಹೇಳಿ ಮಾರಾಯ್ರೆ” ಎಂದರು.

ಹೇಳಿದೆ.

“ಬಡ್ಡಿ ಗಿಡ್ಡಿ ಅಂತ ಬಾಯಿಬಿಟ್ರೆ ನೋಡಿ ಮತ್ತೆ! ಕಾರು ಒಂದು ಬರ್ಲಿ. ನಮ್ಮಮ್ಮ ಜೀಪ್ ಹತ್ತೋಕಾಗಲ್ಲ ಅಂತಾರೆ, ಅವ್ರನ್ನ ಕಳಸಕ್ಕೆ ಕರ್ಕೊಂಡ್ ಹೋಗ್ಬರಾಣ. ವಸ್ತಾರೇಲಿ ತಂಗಿ ಮನೆ ಇದೆ. ಭಾನುವಾರ ಹೋದ್ರೆ ಆಯ್ತು.”

ಅವರ ಸಂತೋಷ ಸುಳ್ಳಲ್ಲ. ಆದರೆ ಅವರು ಹೇಳುತ್ತ ಹೋದಂತೆ ಕಾರು ನಿಧಾನವಾಗಿ ನನ್ನ ಅಂಗಳದಿಂದ ಅವರ ಅಂಗಳಕ್ಕೆ ಸರಿಯುತ್ತಿರುವಂತೆ ನನಗೆ ಕಂಡಿತು. “ಯೋಚನೆ ಮಾಡಿ ಹೇಳ್ತೀನಿ” ಎಂದೆ. ಸಾಲ ಕೇಳಲು ಹೋದವನೇ ಯೋಚನೆ ಮಾಡಿ ಹೇಳುತ್ತೇನೆಂದದ್ದು ಅವರ ಜೀವಮಾನದಲ್ಲಿ ಮೊದಲಿರಬೇಕು. ಅವರ ಮುಖ ಸ್ವಲ್ಪ ಬಾಡಿದ್ದನ್ನು ನೋಡಿಯೂ ನೋಡದವನಂತೆ ಎದ್ದು ಬಂದೆ.

ಹಸನಬ್ಬನವರಂತೂ ಸಾಲದ ಮಾತನ್ನೇ ತೆಗೆಯಗೊಡಲಿಲ್ಲ. “ಕಾರು ತಗೊಂಡ್ ಹೋಗಿ. ಟೀಚರಮ್ಮಂಗೆ ಬೇಕಲ್ಲ? ಕಾಫಿ ದುಡ್ಡು ಬಂದಾಗ ಕೊಡಿ” ಎಂದರು. ಆಗೆಲ್ಲ ಸರ್ಕಾರದ ಮಂಡಳಿಗೇ ಮಾರಬೇಕಿದ್ದ ಕಾಫಿಯ ದುಡ್ಡು ಒಂದೇ ಸಲ ಬರುತ್ತಿರಲಿಲ್ಲ. ಕಂತುಗಳಲ್ಲಿ ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಅವರಾದರೋ ಮಗಳ ಮದುವೆಗೆಂದೇ ಆ ಕಾರು ಮಾರಲು ಇಟ್ಟಿದ್ದರು. ಮದುವೆಗೆ ಉಳಿದದ್ದು ಎರಡು ತಿಂಗಳು. ಆ ಮನುಷ್ಯನ ಉದಾರತೆಯನ್ನು ಒಪ್ಪಿಕೊಂಡರೆ ಹೆಣ್ಣಿನ ಬಟ್ಟೆಬರೆಗೆ ಕತ್ತರಿ ಬೀಳುತ್ತದೆ. ಬೇಡವೆಂದೆ.

ಹೀಗೆ ಐದು ವಾರ ಕಳೆಯಿತು. ಒಂದು ಬಾಗಿಲು ನನಗೆ ಸುಳ್ಳಾಗಿ ಕಂಡಿತು, ಇನ್ನೊಂದು ಭಾರವಾಗಿ, ಮತ್ತೊಂದು ಪಾಪವಾಗಿ. ಸುಶೀಲ ಮಲಗಿದಲ್ಲಿಂದಲೇ, “ನೀವು ಸಾಲ ಹುಡುಕ್ತಿದೀರೋ, ವರ ಹುಡುಕ್ತಿದೀರೋ?” ಎಂದಳು. ನಕ್ಕೆ. ಅವಳು ನಗಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವಳು ನನ್ನನ್ನು ಕರೆದ ದನಿಯಲ್ಲೇ ಗೊತ್ತಾಯಿತು. ಸೀರೆಯಲ್ಲಿ ರಕ್ತದ ಕಲೆ. ತಮ್ಮಣ್ಣಗೌಡರ ಜೀಪಿಗೆ ಓಡಿದೆ. ಅವರು ಚಿಕ್ಕಮಗಳೂರಿಗೆ ಹೋಗಿದ್ದರು. ರಸ್ತೆಗೆ ಓಡಿದೆ. ಕಾಫಿ ಮೂಟೆ ಹೇರಿಕೊಂಡು ಬರುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರು ಪಕ್ಕದ ಸೀಟಿಗೆ ತನ್ನ ಕಂಬಳಿ, ಎರಡು ಖಾಲಿ ಗೋಣಿ ಹಾಸಿ ಕೊಟ್ಟ. ಪ್ರತಿ ಗುಂಡಿಗೂ ಸುಶೀಲ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಅಲ್ಲಿ ಕುಳಿತು ನಾನು ನನ್ನ ಐದು ವಾರಗಳ ಮರ್ಯಾದೆಯನ್ನು ಯೋಚಿಸಿದೆ. ಎಷ್ಟು ಸಣ್ಣದಾಗಿ ಕಂಡಿತು ಅದು!

ಮಗುವಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಎರಡು ದಿನ ಇಟ್ಟುಕೊಂಡು, ಅವರ ಪರಿಚಯದ ಯಾರದೋ ಕಾರಿನಲ್ಲಿ ಕಳಿಸಿಕೊಟ್ಟರು. ಮಾರನೆಯ ದಿನವೇ ನಾನು ಬ್ಯಾಂಕಿಗೆ ಹೊರಟೆ. ಬಾವಿ, ಪಂಪ್‌ಸೆಟ್, ಬೇಕಾದರೆ ಅಣೆಕಟ್ಟೆಗೂ ಸಾಲ ಬರೆದುಕೊಡಲು ಸಿದ್ಧನಾಗಿದ್ದೆ. ಮ್ಯಾನೇಜರು ರಜೆಯ ಮೇಲೆ ಊರಿಗೆ ಹೋಗಿದ್ದ.

ಸೋತು ಮನೆಗೆ ಬಂದರೆ, ಸುಶೀಲಳನ್ನು ನೋಡಲು ಬಂದಿದ್ದ ಅವಳ ಶಾಲೆಯ ಹೆಡ್ಮಾಸ್ಟರು ಕಾಫಿ ಕುಡಿದು ಏಳುತ್ತಿದ್ದರು. ಅವರ ಕೈಯಲ್ಲಿ ಟೀಚರುಗಳ ಸಹಕಾರ ಸಂಘದ ಫಾರಂ. ಅವಳ ರುಜು ಬಿದ್ದಿತ್ತು. ಜಾಮೀನಿಗೆ ಹೆಡ್ಮಾಸ್ಟರು ತಮ್ಮ ರುಜು ಹಾಕಿ, ಹೊಲಿಗೆ ಟೀಚರದ್ದನ್ನೂ ಹಾಕಿಸುತ್ತೇನೆಂದರು. ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ‘ಉದ್ದೇಶ’ ಎಂಬಲ್ಲಿ ಅವಳ ದುಂಡು ಅಕ್ಷರದಲ್ಲಿ ‘ಕಾರು’ ಎಂದಷ್ಟೇ ಇತ್ತು.

ಅವರು ಹೋದಮೇಲೆ, “ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದೆ.

“ನೀವು ಊರೋರ್ನೆಲ್ಲ ಕೇಳಿದ್ರಿ” ಎಂದಳು ಸುಶೀಲ. “ನನ್ನೊಬ್ಳನ್ನ ಕೇಳ್ಲಿಲ್ಲ.”

ಹತ್ತು ವರ್ಷದಿಂದ ತಿಂಗಳ ಸಂಬಳ ತರುತ್ತಿದ್ದವಳು ಮನೆಯಲ್ಲೇ ಇದ್ದಳು. ನಾನು ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಕಲ್ಪಿಸಿಕೊಂಡಿದ್ದೆ.

ಹದಿನೈದು ದಿನದಲ್ಲಿ ಹಸನಬ್ಬನವರು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಸುಶೀಲ ಕಿಟಕಿಯಿಂದ ನೋಡಿದಳು. ಅವರು ಕೀಲಿಕೈ ನನ್ನ ಕೈಗಿಟ್ಟು, “ಎಲ್ಲಿ, ಒಂದು ರೌಂಡ್ ಹೊಡೀರಿ ನೋಡಾಣ” ಎಂದರು. ಆಗ ನನಗೆ ಹೊಳೆಯಿತು: ಸಾಲದ ಚಿಂತೆಯಲ್ಲಿ ಮುಳುಗಿದ್ದ ನಾನು ಡ್ರೈವಿಂಗ್ ಕಲಿಯಬೇಕೆಂಬುದನ್ನೇ ಮರೆತುಬಿಟ್ಟಿದ್ದೆ.

ಸುದ್ದಿ ಎಸ್ಟೇಟಿನಿಂದ ಎಸ್ಟೇಟಿಗೆ ಹರಡಿತು. ಸಂಜೆಗೆ ತಮ್ಮಣ್ಣಗೌಡರು ಬಂದರು. ನಾನು ಸಾಲಕ್ಕೆ ವಾಪಸು ಹೋಗಲಿಲ್ಲವೆಂದು ಅವರು ನನ್ನ ಜೊತೆ ಮಾತು ಬಿಟ್ಟು ತಿಂಗಳಾಗಿತ್ತು. “ದುಡ್ಡಂತೂ ಬೇಡ ಅಂದ್ರಿ. ಇದಾದ್ರೂ ಬೇಕಾ ಬೇಡ್ವಾ? ಹತ್ತಿ ಒಳಗೆ” ಎಂದು ನನ್ನನ್ನು ಸ್ಟೀರಿಂಗಿನ ಹಿಂದೆ ಕೂರಿಸಿದರು. ಪಾಪ, ದಿನಾ ಮಧ್ಯಾಹ್ನ ಬಂದು ಕಲಿಸಿದರು. ಅವರ ಬೇಲಿಯ ಎರಡು ಕಂಬಗಳನ್ನು ನಾನು ಬೀಳಿಸಿದಾಗಲೂ, “ಹಳೇ ಕಂಬ ಬಿಡಿ, ಹೇಗೂ ಬದ್ಲಾಯ್ಸ್ಬೇಕಿತ್ತು” ಎಂದರು.

ಪ್ರತಿ ತಿಂಗಳೂ ಸುಶೀಲಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂಬತ್ತನೆಯ ತಿಂಗಳ ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ನಾನು ನೇರವಾಗಿ ಗೌಡರ ಮನೆಗೆ ಹೋಗಿ, “ಜೊತೆಗೆ ಬನ್ನಿ” ಎಂದೆ. ಅವರು ಪಕ್ಕದಲ್ಲಿ ಕುಳಿತರು. ಚಿಕ್ಕಮಗಳೂರಿನ ತನಕ ಎರಡನೆಯ ಗೇರಿನಲ್ಲೇ ಓಡಿಸಿದೆ. “ಗೇರ್ ಬದ್ಲಾಯ್ಸಿ ಮಾರಾಯ್ರೆ” ಎಂದು ಅವರು; “ಬೇಡ, ಹೀಗೇ ಹೋಗ್ಲಿ” ಎಂದು ಹಿಂದಿನ ಸೀಟಿನಿಂದ ಸುಶೀಲ.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನರ್ಸ್ ಬಂದು ಹೇಳಿದ ಮೇಲೆ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆವು. ಗೌಡರು ಕಣ್ಣೊರೆಸಿಕೊಂಡು, “ಈಗಾದ್ರೂ ಹೇಳಿ. ನನ್ನ ದುಡ್ಡು ಎಂತಕ್ಕೆ ಬೇಡ ಅಂದ್ರಿ?” ಎಂದರು.

“ತಗೊಂಡಿದ್ರೆ ಇವತ್ತು ನಿಮ್ಮನ್ನ ಬನ್ನಿ ಅಂತ ಕರೆಯೋಕೆ ನನಗೆ ಬಾಯಿ ಬರ್ತಿರ್ಲಿಲ್ಲ” ಎಂದೆ.

ಅವರು ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಮಸಾಲೆದೋಸೆ ತಿಂದು ಕಾಫಿ ಕುಡಿದೆವು. ಬಿಲ್ಲು ಕೊಡಲು ಜೇಬಿಗೆ ಕೈ ಹಾಕಿದೆ; ಅವರು ಬಿಡಲಿಲ್ಲ. ನಾನೂ ಬಹಳ ಒತ್ತಾಯ ಮಾಡಲಿಲ್ಲ.