ಸೋಮವಾರ ಕೊಟ್ಟ ರಕ್ತ

ಉಪವಾಸ ಇದ್ದೆಯಾ ಎಂದು ಮೊಮ್ಮಗಳು ನನ್ನನ್ನು ಎರಡು ಸಲ ಕೇಳಿದಳು. ಎರಡು ಸಲವೂ ಹೌದು ಎಂದೆ. ಮೊದಲ ಸಲ ನಾನು ಸುಳ್ಳು ಹೇಳಿರಲಿಲ್ಲ. ಎರಡನೆಯ ಸಲ ಹೇಳಿದ್ದು ಸುಳ್ಳು. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ಅವಳು ನನ್ನ ಮಗಳ ಮಗಳು. ಹೈದರಾಬಾದಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಸಣ್ಣ ತಟ್ಟೆಗಳಲ್ಲಿ ಜೀವಕೋಶ ಬೆಳೆಸಿ, ಅವು ಜೀವಂತ ಇರುವಾಗಲೇ ಇನ್ಸುಲಿನ್ ತಗುಲಿದರೆ ಒಳಗೆ ಏನಾಗುತ್ತದೆ ಎಂದು ನೋಡುವುದು ಅವಳ ಕೆಲಸ. ನಾನು ಹತ್ತನೇ ತರಗತಿ ಮುಗಿಸಿ ಆದೋನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಸೇರಿದವನು. ನನಗೆ ತಿಳಿಯುವ ಹಾಗೆ ಅವಳು ಒಮ್ಮೆ ನಮ್ಮ ಅಡುಗೆಮನೆಯಲ್ಲೇ ಹೇಳಿದ್ದಳು.

"ಇನ್ಸುಲಿನ್ ಹೊರಗ ಬಂದು ಬಾಗಿಲು ಬಡೀತೈತಿ ತಾತ. ಒಳಗಿರೋ ಒಂದು ಪ್ರೋಟೀನು ಎದ್ದು ಬಂದು ಬಾಗಿಲಿಗೆ ಅಂಟ್ಕೋಬೇಕು. ಬಂತೋ ಇಲ್ಲೋ ನೋಡೋದು ನನ್ನ ಕೆಲಸ."

ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ತಿರುಗಿಯೂ ನೋಡದೆ ಹೇಳಿದಳು: "ನನ್ನ ಮೈಯಾಗ ಎಷ್ಟು ಬಡಿದ್ರೂ ಯಾರೂ ಏಳಂಗಿಲ್ಲ ಅನ್ನು." ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಸೂಜಿ ಚುಚ್ಚಿಕೊಳ್ಳುವುದು ಅವಳಿಗೆ ತಲೆ ಬಾಚಿಕೊಂಡಷ್ಟೇ ರೂಢಿ.

ಪ್ರೋಟೀನು ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೆ ಮೊಮ್ಮಗಳು ಬಾಗಿಲಿಗೆ ಒಂದು ಹೊಳಪು, ಒಳಗಿನದಕ್ಕೆ ಇನ್ನೊಂದು ಹೊಳಪು ಕಟ್ಟಿರುತ್ತಾಳಂತೆ. ಎರಡೂ ಹತ್ತಿರ ಬಂದರೆ ನೀಲಿಯಾಗಿದ್ದ ಬೆಳಕು ಹಳದಿಗೆ ತಿರುಗುತ್ತದೆ. ಫೋನಿನಲ್ಲಿ ತೋರಿಸಿದಳು. ಕತ್ತಲೆಯಲ್ಲಿ ನೀಲಿ ಚುಕ್ಕೆಗಳು, ಅಂಚಿನಿಂದ ನಿಧಾನಕ್ಕೆ ಹಳದಿ. ಚೆನ್ನಾಗಿತ್ತು.

ಸಕ್ಕರೆ ಕಾಯಿಲೆಯ ಮನೆತನದಲ್ಲಿ ಹುಟ್ಟಿಯೂ ಕಾಯಿಲೆ ಬರದ ವಯಸ್ಸಾದವರ ರಕ್ತ ಅವಳಿಗೆ ಬೇಕಾಗಿತ್ತು. ರಕ್ತದ ಮೇಲೆ ನಿಲ್ಲುವ ತಿಳಿಯನ್ನು ಆ ಜೀವಕೋಶಗಳ ಮೇಲೆ ಹಾಕಿ ಬೆಳಕು ನೋಡುತ್ತಾಳೆ. ಆದರೆ ಕೊಡುವವರು ಉಪವಾಸ ಇರಬೇಕು. ನನ್ನ ಅಪ್ಪನ ಕಡೆಯಲ್ಲೂ ಆ ಕಾಯಿಲೆ ಇತ್ತು, ನನಗೆ ಬಂದಿರಲಿಲ್ಲ; ಕೌತಾಳಂ ಕಡೆಯ ಅಂಥ ನಮ್ಮ ನೆಂಟರನ್ನೆಲ್ಲ ನಾನು ಒಪ್ಪಿಸಿದೆ. ದಿನವನ್ನು ಗೊತ್ತು ಮಾಡಿದವನೂ ನಾನೇ. ಸೋಮವಾರ ಇಟ್ಟುಕೋ, ಶಿವನ ವಾರ, ಹೇಗೂ ಎಲ್ಲರೂ ಉಪವಾಸವೇ ಇರುತ್ತಾರೆ ಎಂದೆ. ಅವಳಿಗೂ ಅದು ಸರಿಯೆನಿಸಿತು.

ನಮ್ಮಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿ ಮುಟ್ಟುವುದಿಲ್ಲ, ಅಷ್ಟೇ. ಬೆಳಿಗ್ಗೆ ಸ್ನಾನ, ಪೂಜೆ ಆದಮೇಲೆ ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು, ಮನೆಯಲ್ಲಿದ್ದರೆ ಶೇಂಗಾ ಉಂಡಿ. ಅವತ್ತು ರಕ್ತ ತೆಗೆಯುವ ನರ್ಸಮ್ಮನನ್ನು ಕರೆದುಕೊಂಡು ಮೊಮ್ಮಗಳು ಬರುವ ಹೊತ್ತಿಗೆ ಎಲ್ಲರ ಫಲಾಹಾರ ಮುಗಿದಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು, ಅವಳು ಕೇಳಿದ್ದಕ್ಕೆ ಉಪವಾಸ ಎಂದು ಹೇಳಿ, ಒಬ್ಬೊಬ್ಬರೇ ತೋಳು ಚಾಚಿದೆವು.

ಕೆಲವು ವಾರಗಳಾದ ಮೇಲೆ ಅವಳ ಫೋನು ಬಂತು. ನಮ್ಮೆಲ್ಲರ ತಿಳಿ ಹಾಕಿದ ಕೂಡಲೇ ಜೀವಕೋಶಗಳು ಹಳದಿಯಾಗುತ್ತಿವೆ, ಹೈದರಾಬಾದಿನವರ ತಿಳಿಗೆ ಹಾಗೆ ಆಗುವುದಿಲ್ಲ, ಇನ್ಸುಲಿನ್ ಅಳೆದರೂ ನಮ್ಮದು ಉಪವಾಸದಲ್ಲೇ ಹೆಚ್ಚಿದೆ, ಆದರೂ ಯಾರಿಗೂ ಕಾಯಿಲೆ ಇಲ್ಲ, ಇದು ಹೊಸದು ಎಂದಳು. ಅವಳ ಮೇಷ್ಟ್ರು ನಮ್ಮ ಊರು ಯಾವುದು ಎಂದು ಕೇಳಿದರಂತೆ. ನಾನು ಹಿಗ್ಗಿಹೋದೆ. ಮಿಲ್ಲಿನ ಹತ್ತಿರದ ಚಹಾದ ಅಂಗಡಿಯಲ್ಲಿ ನಮ್ಮ ಮನೆತನದ ರಕ್ತದಲ್ಲಿ ಏನೋ ಇದೆ ಎಂದು ನಾನೇ ಸುದ್ದಿ ಹಬ್ಬಿಸಿದೆ.

ಆಮೇಲೆ ಹೆಂಡತಿಯ ರಕ್ತಪರೀಕ್ಷೆಗೆ ಹೋಗಿದ್ದಾಗ, ಚಹಾ ಕುಡಿದು ಬಂದ ಒಬ್ಬರನ್ನು ಅಲ್ಲಿಯ ಹುಡುಗಿ ವಾಪಸು ಕಳಿಸಿದಳು. ಚಹಾ ಅಷ್ಟೇ ಕುಡಿದಿದ್ದು, ಉಪವಾಸವೇ ಇದ್ದೇನೆ ಎಂದು ಅವರು ತೆಲುಗಿನಲ್ಲಿ ವಾದಿಸುತ್ತಿದ್ದರು. ನಮ್ಮ ಸೋಮವಾರದ ಬಾಳೆಹಣ್ಣು, ಬೆಲ್ಲದ ಹಾಲು ನನಗೆ ಆಗ ನೆನಪಾದವು. ಮಿಲ್ಲಿನಲ್ಲಿ ನನ್ನ ಕೆಲಸವೇ ಹತ್ತಿಯ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ್ದಾರೋ ಎಂದು ನೋಡುವುದಾಗಿತ್ತು. ಹಸಿ ಹತ್ತಿ ತಂದವರನ್ನು ನಾನು ಮಾತಿನಲ್ಲೇ ಸುಟ್ಟಿದ್ದೇನೆ.

ಅದೇ ವಾರ ಮೊಮ್ಮಗಳು ಫೋನು ಮಾಡಿ, ಮೇಷ್ಟ್ರು ಇನ್ನೊಮ್ಮೆ ಕೇಳಿಕೋ ಎಂದಿದ್ದಾರೆ ತಾತ, ಅವತ್ತು ಉಪವಾಸವೇ ಇದ್ದಿರಲ್ಲ ಎಂದಳು. ಹೌದು ಎಂದೆ. ಎಲ್ಲರೂ ಎಂದೆ. ಸೋಮವಾರ ಆರಿಸಿದವನು ನಾನು, ಊರಿಗೆಲ್ಲ ಸಾರಿದವನು ನಾನು. ಬಾಳೆಹಣ್ಣಿನಿಂದ ಅಷ್ಟೇನಾದೀತು ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ರಕ್ತದಲ್ಲಿ ಕಂಡದ್ದನ್ನು ಒಂದು ಸಭೆಯಲ್ಲಿ ದೊಡ್ಡ ವಿಜ್ಞಾನಿಗಳ ಮುಂದೆ ಓದುವುದಕ್ಕೆ ಮುಂಚೆ ಅವಳು ಊರಿಗೆ ಬಂದಳು. ಬಹಳ ಸೊರಗಿದ್ದಳು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತುಗಳನ್ನು ತಿದ್ದುತ್ತಿದ್ದಳು. ಒಳಗೆ ಹೆಂಡತಿ ನನ್ನನ್ನು ತಡೆದಳು.

"ಹುಡುಗಿ ಜೀವ ತೇಯ್ದು ಮಾಡ್ಯಾಳ. ಉಪವಾಸ ಅಂತ ಗೊನಿಗೆ ಗೊನಿ ಬಾಳಿಹಣ್ಣು ಖಾಲಿ ಮಾಡೋರು ನೀವು. ನೀವು ಹೇಳ್ತೀರೋ, ನಾ ಹೇಳಲೋ?"

ಹೊರಗೆ ಬಂದು ಅವಳ ಎದುರು ಕುಳಿತೆ. "ಅವ್ವಾ, ಆ ಸೋಮವಾರ ನಾ ಬಾಳಿಹಣ್ಣು ತಿಂದಿದ್ದೆ. ಬೆಲ್ಲದ ಹಾಲು ಕುಡಿದಿದ್ದೆ."

"ಯಾವಾಗ?"

"ನರ್ಸಮ್ಮ ಬರೋಕಿಂತ ಸ್ವಲ್ಪ ಮುಂಚೆ."

ಅವಳು ನಕ್ಕಳು. ತಾತ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ಆಮೇಲೆ ನಗು ನಿಂತಿತು. "ಕೌತಾಳಂನೋರು?"

"ಅವ್ರೂ ತಿಂದಿದ್ರು. ಸೋಮವಾರ ಅಂದ್ರ ನಮ್ಮಲ್ಲಿ ಹಂಗೇ ಅಲ್ಲೇನವ್ವಾ."

"ಮೊನ್ನೆ ಫೋನಿನಾಗ ಕೇಳಿದಾಗ ನಿನಗ ಇದು ಗೊತ್ತಿತ್ತಾ ತಾತ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅಂಗಳಕ್ಕೆ ಹೋಗಿ, ಮೇಷ್ಟ್ರಿಗೆ ಫೋನು ಮಾಡಿದಳು. ತಿಂದ ಕೂಡಲೇ ಮೈ ಇನ್ಸುಲಿನ್ ಬಿಡುತ್ತದೆ, ತಿಳಿಯಲ್ಲಿದ್ದದ್ದು ಅದೇ, ತಪ್ಪು ನನ್ನದು, ನಾನು ಸರಿಯಾಗಿ ಕೇಳಲಿಲ್ಲ ಎಂದು ಅವಳು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಅಂಗಳಕ್ಕೆ ಹೋಗಿ, ತಪ್ಪು ಅವಳದಲ್ಲ ಎಂದು ಆ ಮೇಷ್ಟ್ರಿಗೆ ಹೇಳಬಹುದಾಗಿತ್ತು. ಕುರ್ಚಿಯಿಂದ ಏಳಲಿಲ್ಲ. ಹಾಲು ಕುಡಿದದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ, ಆ ಕುರ್ಚಿಯಲ್ಲಿ ಕುಳಿತೇ ಇದ್ದದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಸಭೆಯಲ್ಲಿ ಓದುವುದು ನಿಂತಿತು. ಒಂದು ವರ್ಷದ ಕೆಲಸವನ್ನು ಅವಳು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಎರಡನೆಯ ಸಲ ಬುಧವಾರ ರಕ್ತ ತೆಗೆಸಿದಳು. ಈಗ ಉಪವಾಸ ಎಂಬ ಮಾತನ್ನೇ ಆಡಲಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ಬಾಯಿಗೆ ಏನೇನು ಹಾಕಿಕೊಂಡಿರಿ ಎಂದು ಎಲ್ಲರನ್ನೂ ಕೇಳಿದಳು. ನನ್ನನ್ನೂ ಅದೇ ದನಿಯಲ್ಲಿ ಕೇಳಿದಳು. ನೀರು ಎಂದೆ. ಅವಳು ನನ್ನ ಮುಖ ನೋಡದೆ ಹೆಂಡತಿಯ ಮುಖ ನೋಡಿದಳು. ಹೆಂಡತಿ ಹೌದೆಂದು ತಲೆಯಾಡಿಸಿದ ಮೇಲೆಯೇ ನರ್ಸಮ್ಮನಿಗೆ ಸನ್ನೆ ಮಾಡಿದಳು.

ಈ ಸಲ ನಾನೇ ಫೋನು ಮಾಡಿ ಕೇಳಿದೆ. ಬೆಳಕು ನೀಲಿಯಾಗಿಯೇ ಉಳಿಯಿತಂತೆ, ಎಲ್ಲರ ಹಾಗೆಯೇ ಅಂತೆ. ದನಿ ಹಗುರವಾಗಿತ್ತು, ಇನ್ನು ಕೆಲಸ ಮುಂದಕ್ಕೆ ಹೋಗುತ್ತದೆ ಎಂದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಎಲ್ಲರ ಹಾಗೆಯೇ ಎಂದದ್ದಕ್ಕೆ ಒಳಗೆಲ್ಲೋ ಸ್ವಲ್ಪ ಬೇಜಾರೂ ಆಯಿತು. ಅದನ್ನು ಅವಳಿಗೆ ಹೇಳಿಲ್ಲ.